ಮನೆಗೊಂದು ಸಣ್ಣ ವಸ್ತು

ನನ್ನ ದಿನಚರಿಗಳನ್ನು ಹಿಂದಿನಿಂದ ಓದಬೇಕು. ಮುಂದಿನ ಪುಟಗಳಲ್ಲಿ ಏನಿದೆ ಎಂದು ನೀವು ಊಹಿಸಬಲ್ಲಿರಿ: ಎಷ್ಟು ಗಂಟೆಗೆ ಎದ್ದೆ, ಬನಹಟ್ಟಿಯಿಂದ ರಬಕವಿಗೆ ಹೋಗಲು ಆಟೋ ಎಷ್ಟು ಹೊತ್ತು ಕಾಯಿಸಿತು, ಅಂಗಡಿಗೆ ಎಷ್ಟು ಸೀರೆ ಬಂದವು, ಎಷ್ಟು ಹೋದವು. ಸೀರೆ ಅಂಗಡಿಯಲ್ಲಿ ದಾಸ್ತಾನು ಬರೆಯುವುದು ನನ್ನ ಕೆಲಸ. ಎಣಿಸುವುದು ಕೆಲಸ ಸಿಗುವ ಮೊದಲೇ ಅಂಟಿದ ಚಟ. ಕೊನೆಯ ಪುಟಗಳು ಮಾತ್ರ ಬೇರೆ. ಅಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ಯಾರಿಗೂ ತೋರಿಸದ ಪಟ್ಟಿಗಳನ್ನು ಬರೆದಿಟ್ಟಿದ್ದೇನೆ. ದಿನಕ್ಕೆ ಅವ್ವ ಅಣ್ಣನ ಹೆಸರನ್ನು ಎಷ್ಟು ಸಲ ಕರೆದಳು, ನನ್ನ ಹೆಸರನ್ನು ಎಷ್ಟು ಸಲ ಎನ್ನುವುದು ಅಂಥ ಮೊದಲ ಪಟ್ಟಿ. ಆರನೇ ಇಯತ್ತೆಯಲ್ಲಿ ಶುರು ಮಾಡಿದ್ದೆ. ಆ ವರ್ಷ ಅಣ್ಣನೇ ಗೆದ್ದ.

ಮೊನ್ನೆ ಸೆರಗಿಗೊಂದು ಸೇಫ್ಟಿ ಪಿನ್ ಬೇಕಾಗಿ ಕಪಾಟು ಹುಡುಕುತ್ತಿದ್ದೆ. ಪಿನ್ನು ಸಿಕ್ಕಿತು. ಅದನ್ನು ನೋಡಿದ್ದೇ ತಡ, ಎರಡು ವರ್ಷಗಳ ಹೊಟ್ಟೆಕಿಚ್ಚು ಒಟ್ಟಿಗೇ ನೆನಪಾಗಿ, ಸೆರಗು ಮರೆತು, ನೆಲದ ಮೇಲೆ ಕೂತು ದಿನಚರಿಯ ಕೊನೆಯ ಪುಟಗಳನ್ನು ತೆರೆದೆ. ಅವತ್ತು ಅಂಗಡಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ. ಅದನ್ನೂ ಬರೆದಿದ್ದೇನೆ.

ಪಿನ್ನಿಗೂ ಹೊಟ್ಟೆಕಿಚ್ಚಿಗೂ ಏನು ಸಂಬಂಧ ಎಂದು ಹೇಳಬೇಕಾದರೆ ನಮ್ಮ ಪ್ರಾರ್ಥನೆಯ ಮನೆಯ ಒಂದು ರೂಢಿಯನ್ನು ಹೇಳಬೇಕು.

ನಮ್ಮ ಪ್ರಾರ್ಥನೆಯ ಮನೆ ದೊಡ್ಡದಲ್ಲ. ಹಿಂದೆ ಅದು ನೂಲಿನ ಗೋದಾಮಾಗಿತ್ತು. ಮಳೆಗಾಲದಲ್ಲಿ ಗೋಡೆಗಳು ಇವತ್ತಿಗೂ ಗಂಜಿಯ ವಾಸನೆ ಬಿಡುತ್ತವೆ. ಇಪ್ಪತ್ತೆರಡು ಮನೆಯವರು ಸೇರುತ್ತೇವೆ. ರಬಕವಿ ಬನಹಟ್ಟಿಯವರೇ ಹೆಚ್ಚು. ಚಿಮ್ಮಡದಿಂದ ಒಂದು ಆಟೋ ತುಂಬ ಬರುತ್ತಾರೆ, ಜಮಖಂಡಿಯಿಂದ ಒಬ್ಬ ನರ್ಸಮ್ಮ, ಹೊಳೆಯ ಕಡೆಯಿಂದ, ಚಿಕ್ಕಪಡಸಲಗಿಯ ಒಂದು ಒಕ್ಕಲುತನದ ಮನೆ. ಕ್ರಿಸ್‌ಮಸ್ ದಿನ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಪ್ರತಿ ಮನೆಯಿಂದ ಒಬ್ಬರು ಎದ್ದು ಮುಂದೆ ಹೋಗಿ, ಗೋದಲಿಯ ಪಕ್ಕದಲ್ಲಿ ಒಂದು ವಸ್ತು ಇಡುತ್ತಾರೆ. ಆ ವರ್ಷ ಯಾವ ಸಣ್ಣ ವಸ್ತುವಿನಲ್ಲಿ ತಮಗೆ ದೇವರು ಕಂಡನೋ ಆ ವಸ್ತು. ಮೂರು ನಿಯಮಗಳಿವೆ. ಅಂಗೈಯಲ್ಲಿ ಹಿಡಿಯಬೇಕು. ಕೊಂಡದ್ದಾಗಿರಬಾರದು. ಮನೆಗೆ ಒಂದೇ, ಮನೆಗೆ ಒಬ್ಬರೇ.

ಗೋದಲಿ ಎಂದರೆ ರಟ್ಟು ಕತ್ತರಿಸಿ ಮಾಡಿದ್ದಲ್ಲ, ನಿಜವಾದ ಗೋದಲಿಯೇ. ನಮ್ಮ ಪಕ್ಕದ ಮನೆಯ ಗಂಗವ್ವನ ಎಮ್ಮೆಯದು. ಗಂಗವ್ವನವರೂ ನಮ್ಮಂತೆ ನೇಕಾರರೇ, ನಮ್ಮ ದೇವರು ಬೇರೆ, ಅವರ ದೇವರು ಬೇರೆ. ಆದರೂ ಡಿಸೆಂಬರ್ ಬಂತೆಂದರೆ ಆಕೆಯೇ ಆ ಕಟ್ಟಿಗೆಯ ಗೋದಲಿಯನ್ನು ತೊಳೆದು ಬಿಸಿಲಿಗೆ ಒರಗಿಸುತ್ತಾಳೆ. “ನಿಮ್ಮ ಕೂಸಿನ ಕಾಲಾಗ ನಮ್ಮ ಎಮ್ಮಿ ನಾಕ್ ದಿನ ನೆಲದಾಗ ತಿನ್ನಬೇಕು ನೋಡು,” ಎಂದು ಪ್ರತಿ ವರ್ಷ ಅದೇ ಮಾತು, ಅದೇ ನಗು. ಅದರ ಅಂಚನ್ನು ಎಮ್ಮೆ ನೆಕ್ಕಿ ನೆಕ್ಕಿ ನುಣುಪು ಮಾಡಿದೆ. ಸಣ್ಣವಳಿದ್ದಾಗ ನಾನು ಆ ನುಣುಪಿಗೆ ಕೆನ್ನೆ ಒತ್ತಿ ಕೂರುತ್ತಿದ್ದೆ. ಎಷ್ಟು ತೊಳೆದರೂ ಕಣಕಿಯ, ಒಣಗಿದ ಜೋಳದ ದಂಟಿನ, ವಾಸನೆ ಹೋಗುತ್ತಿರಲಿಲ್ಲ. ದೇವರ ಕೂಸಿನ ಮೈಯೂ ಹೀಗೇ ಕಣಕಿ ಕಣಕಿ ವಾಸನೆ ಬರುತ್ತಿದ್ದಿರಬೇಕು ಎಂದುಕೊಂಡಿದ್ದೆ. ಈಗಲೂ ಅದನ್ನು ಬದಲಿಸಲು ನನಗೆ ಕಾರಣ ಸಿಕ್ಕಿಲ್ಲ.

ಜನ ತರುವ ವಸ್ತುಗಳನ್ನು ನೋಡಿದರೆ ನೀವು ನಗುತ್ತೀರಿ. ನರ್ಸಮ್ಮ ಒಂದು ವರ್ಷ ಔಷಧಿ ಸೀಸೆಯ ಮುಚ್ಚಳ ತಂದಿದ್ದಳು. ಚೀರಾಡುತ್ತಿದ್ದ ಒಂದು ಕೂಸು ಆ ಮುಚ್ಚಳ ಉರುಳಿದ್ದನ್ನು ನೋಡಿ ಕಿಲಕಿಲ ನಕ್ಕಿತಂತೆ. ಚಿಕ್ಕಪಡಸಲಗಿಯವರು ಹೊಳೆಯ ಕಪ್ಪೆಚಿಪ್ಪು ತಂದರು. ಚಿಮ್ಮಡದ ಮುದುಕರೊಬ್ಬರು ತಮ್ಮ ಬಿದ್ದ ಹಲ್ಲನ್ನೇ ತಂದಿಟ್ಟು, “ಅರವತ್ತು ವರ್ಷ ರೊಟ್ಟಿ ಅಗದೈತ್ರಿ ಇದು, ಅದಕ್ಕೂ ಒಂದ ದಿನ ಹಬ್ಬ ಆಗಲಿ,” ಎಂದಿದ್ದರು. ಹಲ್ಲನ್ನು ಮುಟ್ಟಲು ಪಾಸ್ಟರ್ ಹಿಂದೆಮುಂದೆ ನೋಡಿದ್ದು ನನ್ನ ದಿನಚರಿಯಲ್ಲಿದೆ.

ನಮ್ಮ ಮನೆಯಿಂದ ಹೋಗುತ್ತಿದ್ದವಳು ನಾನು. ಹನ್ನೊಂದನೇ ವಯಸ್ಸಿನಿಂದ ಇಪ್ಪತ್ತೆರಡರವರೆಗೆ, ಹನ್ನೆರಡು ಕ್ರಿಸ್‌ಮಸ್. ಅವ್ವನಿಗೆ ಮಂದಿಯ ಮುಂದೆ ಮಾತಾಡಲು ನಾಚಿಕೆ. ಅಣ್ಣ ಪಾವರ್‌ಲೂಮಿನ ಸದ್ದಿನಲ್ಲಿ ದುಡಿದು ದುಡಿದು ಮಾತನ್ನೇ ಕಡಿಮೆ ಮಾಡಿಬಿಟ್ಟಿದ್ದಾನೆ. ಹಾಗಾಗಿ ಆ ಜಾಗ ನನ್ನದಾಗಿತ್ತು. ಹನ್ನೆರಡೂ ವಸ್ತುಗಳ ಪಟ್ಟಿ ಇದೆ: ತುಂಡು ಬಳಪ, ಮುರಿದ ಲಾಳಿಯ ತುದಿ, ಅಪ್ಪನ ಅಂಗಿಯ ಗುಂಡಿ, ಹೀಗೆ. ಪಕ್ಕದ ಕಾಲಮ್ಮಿನಲ್ಲಿ ‘ಅತ್ತವರು’ ಎಂಬ ತಲೆಬರಹ. ಅಪ್ಪನ ಗುಂಡಿಯ ವರ್ಷ ನಾಲ್ಕು ಜನ. ಬಳಪದ ವರ್ಷ ಒಬ್ಬರೂ ಇಲ್ಲ, ಒಬ್ಬರು ಆಕಳಿಸಿದ್ದರು. ಅಪ್ಪ ತೀರಿಕೊಂಡ ವರ್ಷ ಅವನ ಗುಂಡಿ ಹಿಡಿದು ನಿಂತಾಗಲೂ ನಾನು ಓರೆಗಣ್ಣಿನಲ್ಲಿ ಎಣಿಸುತ್ತಿದ್ದೆ ಎನ್ನುವುದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೆ ಲೆಕ್ಕ ಎಂದ ಮೇಲೆ ಪೂರ್ತಿ ಇರಬೇಕು. ಹನ್ನೆರಡು ವರ್ಷಗಳಲ್ಲಿ ಆ ಪಟ್ಟಿಗೆ ಅವ್ವ ಒಮ್ಮೆಯೂ ಸೇರಲಿಲ್ಲ.

ಹದಿಮೂರನೆಯ ವರ್ಷ ವೈನಿ ಬಂದಳು.

ವೈನಿಯ ಹೆಸರು ಪ್ರೇಮಾ. ಬೀಳಗಿಯ ಕಡೆಯವಳು, ಒಕ್ಕಲುತನದ ಮನೆಯವಳು. ನನಗಿಂತ ಒಂದು ವರ್ಷ ಸಣ್ಣವಳು. ಆದರೆ ಅಣ್ಣನ ಹೆಂಡತಿ, ಅದಕ್ಕೇ ನಾನು ಅವಳಿಗೆ ‘ವೈನಿ’, ಅವಳು ನನಗೆ ‘ಸುನಂದಕ್ಕಾ’. ಇಬ್ಬರೂ ಒಬ್ಬರಿಗೊಬ್ಬರು ‘ರೀ’ ಹಚ್ಚಿ ಮಾತಾಡುತ್ತಿದ್ದೆವು. ಹೊಟ್ಟೆಯಲ್ಲಿ ಉರಿಯಿದ್ದಾಗ ‘ರೀ’ ಬಹಳ ಅನುಕೂಲ. ಅವಳು ಹಾಲಿನ ಪಾತ್ರೆಗೆ ಮುಚ್ಚಳ ಮರೆಯುತ್ತಾಳೆ. ಯಾವ ದಿನ ಯಾವ ತಾರೀಖು ಎಂದು ಅವಳಿಗೆ ಗೊತ್ತಿರುವುದಿಲ್ಲ. ಗ್ಯಾಸ್ ಸಿಲಿಂಡರ್ ಯಾವಾಗ ಹಚ್ಚಿದ್ದು ಎಂದು ಕೇಳಿದರೆ “ಮೊನ್ನೆ ಮೊನ್ನೆ” ಎನ್ನುತ್ತಾಳೆ. ಆದರೂ ಓಣಿಗೆ ಓಣಿಯೇ ‘ಪ್ರೇಮಾ ಪ್ರೇಮಾ’ ಎನ್ನುತ್ತಿತ್ತು. ಗಂಗವ್ವನ ಎಮ್ಮೆ ಕೂಡ ನಾನು ಹೋದರೆ ಬಾಲ ಬೀಸುತ್ತದೆ, ಅವಳು ಹೋದರೆ ಕತ್ತು ಚಾಚುತ್ತದೆ. ಇದನ್ನು ನಾನು ಐದು ಸಲ ಪರೀಕ್ಷಿಸಿದ್ದೇನೆ.

ಆ ವರ್ಷ ಹೊಸ ಸೊಸೆಯೇ ಹೋಗಲಿ ಎಂದು ಅವ್ವ ಅವಳನ್ನು ಕಳಿಸಿದಳು. ವೈನಿ ಗೋದಲಿಯ ಮುಂದೆ ಒಂದು ಸೇಫ್ಟಿ ಪಿನ್ ಇಟ್ಟಳು.

“ಲಗ್ನ ಆಗಿ ಬರೂವಾಗ ಬೀಳಗಿ ಬಸ್‌ಸ್ಟ್ಯಾಂಡಿನಾಗ ನನ್ನ ಸೀರಿ ಬಾಗಲಕ್ಕ ಸಿಕ್ಕು ಹರೀತ್ರಿ. ಮಂದಿ ಎಲ್ಲಾ ನೋಡಾಕತ್ತಿದ್ರು. ನಮ್ಮ ಅತ್ತಿ ಏನೂ ಅನ್ನಲಿಲ್ಲ. ತಮ್ಮ ಬಳಿಯಾಗಿನ ಪಿನ್ನ ತಗದು ಹಚ್ಚಿದ್ರು. ಈ ಮನ್ಯಾಗ ದೇವರು ಅದಾನ ಅಂತ ನಂಗ ಅಲ್ಲೇ ಗೊತ್ತಾತ್ರಿ,” ಎಂದಳು. ಅಷ್ಟೇ.

ಅತ್ತವರು: ಒಂಬತ್ತು. ಅವ್ವ ಅದರಲ್ಲಿ ಮೊದಲನೆಯವಳು.

ಅದು ಅವ್ವನ ಬಳೆಯಲ್ಲಿ ನಾನು ಹುಟ್ಟಿದಾಗಿನಿಂದ ತೂಗಾಡುತ್ತಿದ್ದ ಪಿನ್ನು. ಏಳನೇ ಇಯತ್ತೆಯಲ್ಲಿ ಸಾಲೆಯ ಕಾರ್ಯಕ್ರಮಕ್ಕೆ ಬೇಕೆಂದು ನಾನು ಕೇಳಿದಾಗ, “ಇದನ್ನ ಕಳದ್ಗಿಳದೀ, ಅಂಗಡ್ಯಾಗಿಂದ ತಗೋ ಹೋಗು,” ಎಂದಿದ್ದಳು. ತಾರೀಖು ಬರೆದಿಟ್ಟಿದ್ದೇನೆ. ಆ ಕ್ರಿಸ್‌ಮಸ್ ಮಧ್ಯಾಹ್ನದ ಊಟದಲ್ಲಿ ನನಗೆ ಅನ್ನ ಇಳಿಯಲಿಲ್ಲ. “ಯಾಕ್ ಬೇ, ಆರಾಮಿಲ್ಲೇನು?” ಎಂದು ಅವ್ವ ಕೇಳಿದಳು. “ಪಿತ್ತ ಆಗೈತಿ” ಎಂದೆ. ಹೊಟ್ಟೆಕಿಚ್ಚಿಗೆ ಆ ವರ್ಷದಿಂದ ಒಂದು ಕಾಲಂ ಬೇರೆಯೇ ಆಯಿತು.

ಮುಂದಿನ ಡಿಸೆಂಬರಿಗೆ ನಾನು ತಯಾರಾಗಿದ್ದೆ. ತಿಂಗಳ ಮೊದಲ ತಾರೀಖಿನಿಂದ ದಿನಕ್ಕೊಂದರಂತೆ ‘ದೇವರ ಗುರುತು’ ಬರೆಯುವುದು, ಅದರಲ್ಲಿ ಎಲ್ಲಕ್ಕಿಂತ ಛಲೋದು ಆರಿಸುವುದು, ಹೋದ ಜಾಗ ಹಿಂದೆ ಪಡೆಯುವುದು. ಮೊದಲ ದಿನ: ಸಾಲು ಹಿಡಿದು ಹೋಗುವ ಇರುವೆ. ಎರಡನೆಯ ದಿನ: ಆಟೋ ಕನ್ನಡಿಯ ಮೇಲಿನ ಇಬ್ಬನಿ. ಮೂರನೆಯ ದಿನ ಮತ್ತೆ ಇರುವೆಯೇ. ಹಿಂದಿನ ವರ್ಷದ ಪಟ್ಟಿಯಲ್ಲೂ ಇರುವೆ ಇತ್ತು. ನಾಲ್ಕನೆಯ ದಿನ ಏನೂ ಸಿಗದೆ, ಮುಧೋಳಕ್ಕೆ ಹೋಗುವ ಬಸ್ಸಿನಲ್ಲಿ ಅಪರಿಚಿತ ಮುದುಕಿ ಕೊಟ್ಟ ಅರ್ಧ ಪೇರಲ ಹಣ್ಣು ಎಂದು ಬರೆದೆ. ಅದು ನಿಜವಾಗಿತ್ತು, ಆದರೆ ನಡೆದದ್ದು ಆಗಸ್ಟಿನಲ್ಲಿ. ಆರನೆಯ ದಿನದ ಹೊತ್ತಿಗೆ ದೇವರನ್ನು ಹುಡುಕುವುದೆಂದರೆ ದಾಸ್ತಾನಿನಲ್ಲಿ ಕಳೆದ ಸೀರೆ ಹುಡುಕಿದಂತಾಗಿತ್ತು. ಸಿಗುತ್ತಿದ್ದದ್ದು ವೈನಿಯ ತಪ್ಪುಗಳು ಮಾತ್ರ.

ಎಂಟನೆಯ ತಾರೀಖು ಅವ್ವ ರೊಟ್ಟಿ ಬಡಿಯುತ್ತ, ತೀರಾ ಸಾದಾ ಮಾತೆಂಬಂತೆ ಹೇಳಿದಳು: “ಈ ಸಲಾನೂ ಪ್ರೇಮಾನ ಹೋಗಲಿ. ಅಕಿ ಹೇಳೂದು ಮನಸಿಗೆ ಹತ್ತತೈತಿ.”

“ನಾ ಹೇಳೂದು?” ಎಂದೆ.

“ನಿಂದು ಪದ್ಧತ್‌ಶೀರ್ ಇರತೈತಿ,” ಎಂದಳು ಅವ್ವ. ಅಚ್ಚುಕಟ್ಟು ಎಂಬ ಹೊಗಳಿಕೆಯೆಂದೇ ಹೇಳಿದ್ದು. ನನ್ನ ರೊಟ್ಟಿಯ ಮೇಲೆ ಎಂದಿಗಿಂತ ಹೆಚ್ಚು ಬೆಣ್ಣೆ ಇಟ್ಟಳು ಕೂಡ.

ನಮ್ಮ ಮನೆಯಲ್ಲಿ ಒಂದು ಕೈಮಗ್ಗ ಇನ್ನೂ ಉಳಿದಿದೆ, ಅಜ್ಜಿಯ ಕಾಲದ್ದು. ಅವ್ವ ಅದರಲ್ಲಿ ಬೇಡಿಕೆಯ ಸೀರೆ ನೇಯುತ್ತಾಳೆ. ಆ ವರ್ಷ ಕಣ್ಣಿಗೆ ಪರೆ ಬಂದು ಅವಳಿಗೆ ಎಳೆ ಕಾಣದಂತಾಗಿತ್ತು. ವೈನಿಗೆ ನೇಯುವುದನ್ನು ಕಲಿಸುತ್ತಿದ್ದಳು. ನೇಯದವರಿಗೆ ತಿಳಿಯಲೆಂದು ಒಂದು ಮಾತು ಹೇಳುತ್ತೇನೆ. ಮಗ್ಗದ ಮೇಲಿನ ಉದ್ದ ಎಳೆಗಳಿಗೆ ಹಾಸು ಎನ್ನುತ್ತೇವೆ. ಒಂದೊಂದು ಎಳೆಯೂ ಒಂದು ದಾರದ ಕುಣಿಕೆಯೊಳಗಿಂದ ಹಾಯ್ದು, ಹಣಿಗೆ ಎಂಬ ದೊಡ್ಡ ಬಾಚಣಿಕೆಯ ಸಂದಿಯಿಂದ ಹೊರಗೆ ಬರುತ್ತದೆ. ಹಾಸು ಮುಗಿದಾಗ ಸೀರೆ ಕತ್ತರಿಸುತ್ತೇವೆ, ಆದರೆ ಕುಣಿಕೆ ಹಣಿಗೆಗಳಲ್ಲಿ ಉಳಿದ ಹಳೆಯ ಎಳೆಗಳ ಬಾಲವನ್ನು ಯಾರೂ ಮುಟ್ಟುವುದಿಲ್ಲ. ಆ ಬಾಲಕ್ಕೆ ಹೊಸ ಹಾಸಿನ ಎಳೆಯನ್ನು ಹೊಸೆದು ಕೂಡಿಸಿ ಎಳೆದರೆ ಹೊಸದು ತಾನೇ ದಾರಿ ಹಿಡಿದು ಬರುತ್ತದೆ. ಬಾಲ ಕಿತ್ತರೆ ದಾರಿಯೇ ಹೋದಂತೆ. ನೇಕಾರರ ಓಣಿಯಲ್ಲಿ ಇದನ್ನು ತೊಟ್ಟಿಲ ಕೂಸಿಗೂ ಹೇಳಬೇಕಿಲ್ಲ. ಹೊಲದಲ್ಲಿ ಬೆಳೆದವಳಿಗೆ ಹೇಳಬೇಕಿತ್ತು, ಯಾರೂ ಹೇಳಿರಲಿಲ್ಲ.

ಡಿಸೆಂಬರ್ ಹನ್ನೆರಡು, ಸಂಜೆ ಐದು ನಲವತ್ತು. ಅಂಗಡಿಯಿಂದ ಬಂದು ಬಾಗಿಲಲ್ಲಿ ನಿಂತೆ. ಅವ್ವ ಗಂಗವ್ವನ ಮನೆಗೆ ಹೋಗಿದ್ದಳು. ಹಬ್ಬಕ್ಕೆ ಮನೆ ಸಾರಿಸಿ ಗುಡಿಸಿದ ವೈನಿ, ಈಗ ಮಗ್ಗದ ಮುಂದೆ ಕೂತು ಮಗ್ಗವನ್ನೂ ಸ್ವಚ್ಛ ಮಾಡುತ್ತಿದ್ದಳು. ಕೈಯಲ್ಲಿ ಕತ್ತರಿ. ಹಳೆಯ ಎಳೆಗಳ ಬಾಲವನ್ನು ಹಿಡಿಹಿಡಿಯಾಗಿ ಕತ್ತರಿಸಿ, ಹಣಿಗೆಯಿಂದ ಎಳೆದು, ಮಡಿಲಲ್ಲಿ ಗುಡ್ಡೆ ಹಾಕಿಕೊಳ್ಳುತ್ತಿದ್ದಳು. ನಾನು ನೋಡಿದಾಗ ಎಡಗಡೆಯ ಒಂದು ಗೇಣು ಮಾತ್ರ ಖಾಲಿಯಾಗಿತ್ತು.

‘ವೈನಿ, ಬ್ಯಾಡ್ರಿ’ ಎನ್ನಲು ಎಷ್ಟು ಹೊತ್ತು ಬೇಕು? ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದನ್ನು ನುಂಗಿದೆ. ಚಪ್ಪಲಿ ಬಿಟ್ಟು, ಹಿತ್ತಲಿಗೆ ಹೋಗಿ ಕಾಲು ತೊಳೆದೆ. ಎರಡು ಸಲ ತೊಳೆದೆ. ಎಡಗಾಲಿನ ಬೆರಳುಗಳ ಸಂದಿಯನ್ನೂ ತೊಳೆದೆ.

ಅವ್ವ ಬಂದು ಮಗ್ಗ ನೋಡಿದವಳು ನಿಂತಲ್ಲೇ ಗೋಡೆ ಹಿಡಿದಳು. ಕಣ್ಣಿನ ಪರೆಯೊಳಗಿಂದಲೂ ಕಾಣುವಷ್ಟು ಬೋಳಾಗಿತ್ತು ಮಗ್ಗ. ವೈನಿ ಮಡಿಲಿನ ನೂಲನ್ನು ಎತ್ತಿ ತೋರಿಸಿ, “ನೋಡ್ರೀ ಅತ್ತಿ, ಗ್ವಾದ್ಲಿಗೆ ಹುಲ್ಲಿನ ಬದಲಿ ಇದನ್ನ ಹಾಸಿದ್ರ ಎಷ್ಟ್ ಮೆತ್ತಗಿರತೈತಿ!” ಎಂದು ನಗುತ್ತಿದ್ದಳು.

“ಹೊಲದಾಗಿನ ಕಸ ಅಂತ ತಿಳದೇನ್ ಬೇ ಇದನ್ನ?” ಎಂದಳು ಅವ್ವ. “ಮುಧೋಳದವರ ಸೀರಿ ಹೊಸಾ ವರ್ಷಕ್ಕ ಕೊಡಬೇಕು. ಒಂದೊಂದ ಎಳಿ ಮತ್ತ ಪೋಣಸಬೇಕಲ್ಲ, ಯಾರ್ ಪೋಣಸತಾರ? ನಿಮ್ಮಪ್ಪ ಬರತಾನೇನು ಬೀಳಗಿಯಿಂದ?”

ಅವ್ವ ವೈನಿಯನ್ನು ಬೈದದ್ದು ಅದೇ ಮೊದಲು. ನನ್ನ ಹೊಟ್ಟೆಯಲ್ಲಿ ತಣ್ಣಗೆ ಮಜ್ಜಿಗೆ ಇಳಿದಂತಾಯಿತು. ಕೆಂಪು ಪೆನ್ನಿನಲ್ಲಿ ಬರೆದೆ: ‘ಪ್ರೇಮಾಗೆ ಬೈಗುಳ – ೧’. ಆ ತಂಪು ಎರಡು ತಾಸು ಹತ್ತು ನಿಮಿಷ ಇತ್ತು. ಆಮೇಲೆ ಹಿತ್ತಲಿಗೆ ಹೋದವಳು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ವೈನಿ ಅಳುವುದನ್ನು ನೋಡಿದೆ. ಮಡಿಲಲ್ಲಿ ಆ ನೂಲು ಹಾಗೇ ಇತ್ತು.

ಮರುದಿನ ಗಂಗವ್ವ ಬಂದು ಸೊಂಟಕ್ಕೆ ಕೈಯಿಟ್ಟು ಮಗ್ಗವನ್ನು ಸುತ್ತ ನೋಡಿದಳು. “ಅಯ್ಯ ನಮ್ಮ ಶಿವನ! ಹಬ್ಬಕ್ಕ ಮಗ್ಗಕ್ಕೂ ಕ್ಷೌರ ಮಾಡಿಸೀರಲ್ಲ ಬೇ!” ಎಂದಳು. ನಾನು ನಕ್ಕೆ. ವೈನಿ ನಗಲಿಲ್ಲ. ಪೋಣಿಸುವ ಕಸುಬಿನವರು ಯಾರೂ ಖಾಲಿ ಇಲ್ಲವೆಂದು ಗಂಗವ್ವನೇ ವಿಚಾರಿಸಿ ಹೇಳಿದಳು. ಇದು ಇಬ್ಬರ ಕೆಲಸ. ಒಬ್ಬರು ಮುಂದೆ ಕೂತು ಹಣಿಗೆಯ ಸಂದಿ, ಕುಣಿಕೆಗಳ ಮೂಲಕ ಸಣ್ಣ ಕೊಕ್ಕೆ ತೂರಿಸಬೇಕು. ಹಿಂದೆ ಕೂತವರು ಸರದಿಯ ಎಳೆಯನ್ನು ಆ ಕೊಕ್ಕೆಗೆ ಸಿಕ್ಕಿಸಬೇಕು. ಅವ್ವ ತನ್ನ ಕಣ್ಣು ತೋರಿಸಿ, “ಇನ್ಯಾರ? ನೀವಿಬ್ರ ಕೂಡ್ರಿ,” ಎಂದಳು.

ಎರಡು ಸಾವಿರದ ಎಂಟುನೂರ ಎಂಬತ್ತು ಎಳೆ. ಹದಿನಾಲ್ಕರಿಂದ ದಿನಾ ಸಂಜೆ ಆರಕ್ಕೆ ಕೂತು ಎಂಟೂವರೆಗೆ ಏಳುವುದು. ಮೊದಲ ದಿನ ಬರೇ ನೂರ ತೊಂಬತ್ತಾದವು. ವೈನಿ “ಕೊಡ್ರಿ” ಎನ್ನುವಳು, ನಾನು ಸಿಕ್ಕಿಸಿ “ಹೂಂ” ಎನ್ನುವೆ, ಅವಳು ಎಳೆದು “ಬಂತು” ಎನ್ನುವಳು. ಕೊಡ್ರಿ, ಹೂಂ, ಬಂತು. ಪ್ರತಿ ಎಳೆಗೂ ಅವಳ ಬೆರಳ ತುದಿ ನನ್ನ ಬೆರಳ ತುದಿಗೆ ತಾಕುತ್ತಿತ್ತು. ಚಳಿಗೆ ಇಬ್ಬರ ಬೆರಳೂ ಒಡೆದಿದ್ದವು. ಎರಡನೆಯ ದಿನ ಅವಳು ಬೀಳಗಿಯ ಸುದ್ದಿ ಹೇಳಿದಳು: ಹಿನ್ನೀರು ಬಂದು ಅವಳಪ್ಪನ ಹೊಲದ ಬೇವಿನ ಮರ ಕುತ್ತಿಗೆಮಟ ನೀರಲ್ಲಿ ನಿಂತದ್ದು, ಅವಳು ಈಜಿ ಹೋಗಿ ಅದರ ಟೊಂಗೆಯ ಮೇಲೆ ಕೂತು ಓದುತ್ತಿದ್ದದ್ದು. ಮೂರನೆಯ ದಿನ, “ಸುನಂದಕ್ಕಾ, ಡೈರ್ಯಾಗ ನನ್ನ ಸುದ್ದಿ ಇರತೈತೇನ್ರಿ?” ಎಂದು ಕೇಳಿದಳು. “ಎಲ್ಲಾರ್ದೂ ಇರತೈತ್ರಿ,” ಎಂದೆ. ಆ ತಾಸುಗಳಲ್ಲಿ ಎರಡೂ ಕೈಗೆ ಕೆಲಸವಿದ್ದುದರಿಂದ ನನ್ನ ಕಾಲಮ್ಮುಗಳೆಲ್ಲ ಖಾಲಿ ಇದ್ದವು.

ನಾಲ್ಕನೆಯ ಸಂಜೆ, ಸಾವಿರದ ಇನ್ನೂರ ಆರನೆಯ ಎಳೆ. ವೈನಿ ಕೊಕ್ಕೆ ತೂರಿಸುತ್ತ, ನನ್ನ ಕಡೆ ನೋಡದೆ, ಸುಮ್ಮನೆ ಹೇಳಿದಳು:

“ಅವತ್ತ ನೀವು ಬಾಗಲದಾಗ ನಿಂತಿದ್ರಲ್ಲ, ನಿಮ್ಮ ಚಪ್ಪಲಿ ಸಪ್ಪಳ ನಂಗ ಕೇಳಿತ್ರಿ.”

ನನ್ನ ಕೈ ನಿಂತಿತು.

“ಕತ್ತರಿ ಹಚ್ಚೂವಾಗ ಮನಸಿನಾಗ ಅಳುಕು ಇತ್ರಿ, ಇದನ್ನ ಕೀಳಬೇಕೋ ಬಿಡಬೇಕೋ ಅಂತ. ನೀವು ನೋಡಿ ಸುಮ್ನ ಹ್ವಾದ್ರಿ. ಬರೋಬ್ಬರಿ ಐತಿ ಅಂತ ತಿಳಕೊಂಡ್ಯಾ. ತಪ್ಪಿದ್ರ ಸುನಂದಕ್ಕ ಬಿಡತಿದ್ರೇನು, ಹೇಳತಿದ್ರು ಅಂತ, ಪೂರಾ ಕಿತ್ತಬಿಟ್ಯಾ. ನೀವರ ಏನ್ ಮಾಡೀರಿ ಪಾಪ, ಕೆಲಸದಿಂದ ದಣದು ಬಂದಿದ್ರಿ, ಕಂಡಿರಲಿಕ್ಕಿಲ್ಲ. ಕೊಡ್ರಿ.”

ಕೊಟ್ಟೆ. ಒಂದು ಎಳೆ ಬಿಟ್ಟು ಮುಂದಿನದನ್ನು ಕೊಟ್ಟೆ. ನಲವತ್ತು ಎಳೆಗಳಾದ ಮೇಲೆ ಗೊತ್ತಾಗಿ ಎಲ್ಲವನ್ನೂ ಹಿಂದೆ ತೆಗೆದೆವು. ಆ ದಿನದ ಪುಟದಲ್ಲಿ ಒಂದೇ ಸಾಲು ಇದೆ: ‘ಲೆಕ್ಕ ತಪ್ಪಿತು.’ ಇಡೀ ಲೋಕದಲ್ಲಿ ನಾನು ಏನೂ ಹೇಳದಿದ್ದದ್ದನ್ನು ‘ಎಲ್ಲ ಸರಿಯಿದೆ’ ಎಂದು ಓದಿಕೊಂಡವಳು ಅವಳೊಬ್ಬಳೇ. ನನ್ನ ಮೇಲೆ ಅಷ್ಟು ವಿಶ್ವಾಸ ನನಗೇ ಇಲ್ಲ. ಅದಕ್ಕೂ ಹೊಟ್ಟೆಕಿಚ್ಚಾಯಿತು ಎಂದರೆ ನಂಬುತ್ತೀರಾ? ಅಷ್ಟು ಸಲೀಸಾಗಿ ಇನ್ನೊಬ್ಬರನ್ನು ನಂಬಲು ಅವಳಿಗೆ ಹೇಗೆ ಬರುತ್ತದೆ, ನನಗೆ ಯಾಕೆ ಬರುವುದಿಲ್ಲ ಎಂದು.

ಐದನೆಯ ಸಂಜೆ ಕೂತ ಕೂಡಲೇ, ಮೊದಲ ಎಳೆ ಕೊಡುವ ಮುಂಚೆಯೇ ಹೇಳಿಬಿಟ್ಟೆ. “ವೈನಿ, ಅವತ್ತ ನಂಗ ಕಂಡಿತ್ರಿ. ಕಂಡೂ ಹೇಳಲಿಲ್ಲ.”

“ಯಾಕ್ರಿ?”

“ಅವ್ವ ನಿಮಗ ಬೈಲಿ ಅಂತ.”

ಅವಳು ನಕ್ಕು ಬಿಡುತ್ತಾಳೆ, ‘ಇರಲಿ ಬಿಡ್ರಿ’ ಎನ್ನುತ್ತಾಳೆ, ನಾನು ಅತ್ತು ಹಗುರಾಗುತ್ತೇನೆ ಎಂದೆಲ್ಲ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅವಳ ಮುಖ ಕೆಂಪಾಯಿತು. ಕೊಕ್ಕೆಯನ್ನು ನೆಲಕ್ಕೆ ಒಗೆದಳು.

“ಅಲ್ರೀ, ಹೊಲದ ಕಸದ ಮಾತ ಕೇಳಿಕೊಂಡ್ಯಾ ನಾ! ನಮ್ಮಪ್ಪನ ಹೆಸರ ತಗಸಿದ್ರಿ! ಎಲ್ಲಾ ನೋಡಿಕೋತ ಕಾಲ ತೊಳಕೊಂಡ ಕುಂತ್ರೇನು ನೀವು?”

ಎರಡು ಸಲ ತೊಳೆದೆ ಎಂದು ಹೇಳುವ ಧೈರ್ಯವಾಗಲಿಲ್ಲ. ಅವಳು ಎದ್ದು ಒಳಗೆ ಹೋದಳು. ಹತ್ತು ನಿಮಿಷಕ್ಕೆ ತಿರುಗಿ ಬಂದು, ಕೊಕ್ಕೆ ಎತ್ತಿಕೊಂಡು ಕೂತಳು. ಸಿಟ್ಟಿದ್ದರೂ ಎಳೆ ಪೋಣಿಸಲು ಇಬ್ಬರು ಬೇಕಲ್ಲ. ಆ ಸಂಜೆಯಿಂದ ‘ಕೊಡ್ರಿ’ಯೂ ಇಲ್ಲ, ‘ಬಂತು’ವೂ ಇಲ್ಲ. ಕೊಕ್ಕೆ ಬರುತ್ತಿತ್ತು, ಸಿಕ್ಕಿಸುತ್ತಿದ್ದೆ, ಹೋಗುತ್ತಿತ್ತು. ಬೆರಳಿಗೆ ಬೆರಳು ಮಾತ್ರ ತಾಕುತ್ತಲೇ ಇತ್ತು. ಅದನ್ನು ತಪ್ಪಿಸುವ ವಿದ್ಯೆ ಯಾವ ನೇಕಾರನಿಗೂ ಗೊತ್ತಿಲ್ಲ. ಮಾತು ಬಿಟ್ಟ ಹೆಣ್ಣಿನ ಬೆರಳು, ಅದೂ ಸಾವಿರ ಸಲಕ್ಕಿಂತ ಹೆಚ್ಚು, ನನ್ನ ಬೆರಳನ್ನು ಹುಡುಕಿಕೊಂಡು ಬಂತು. ಒಂದೊಂದು ಸಲವೂ ನನಗೆ ಮನೆಯ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದಂತಾಗುತ್ತಿತ್ತು. ಆ ದಿನಗಳ ‘ದೇವರ ಗುರುತು’ ಕಾಲಮ್ಮಿನಲ್ಲಿ ನಾನು ಏನೂ ಬರೆಯಲಿಲ್ಲ. ಬರೆಯಲು ತೋಚಲಿಲ್ಲ ಎಂದಲ್ಲ.

ಇಪ್ಪತ್ತಮೂರರ ಸಂಜೆ ಕೊನೆಯ ಎಳೆ ಹೋಯಿತು. “ಆತು,” ಎಂದಳು ವೈನಿ. ಐದು ದಿನಗಳ ನಂತರದ ಮೊದಲ ಮಾತು. ನನಗೆ ಹೇಳಿದಳೋ ಮಗ್ಗಕ್ಕೆ ಹೇಳಿದಳೋ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಕರ್ಚಿಕಾಯಿಗೆ ಹಿಟ್ಟು ನಾದುತ್ತ ಅವ್ವ ಕೇಳಿದಳು, “ಪ್ರೇಮಾ, ನಾಳಿಗೆ ಏನ್ ಒಯ್ಯಾಕಿ?”

“ನಾ ಹೋಗಾಂಗಿಲ್ರಿ,” ಎಂದಳು ವೈನಿ, ನನ್ನ ಕಡೆ ತಿರುಗಿ. “ಸುನಂದಕ್ಕ ಹೋಗಲಿ. ಅವರ ಕಡೆ ಹೇಳೂದೈತಿ.”

“ಹೌದೇನ್ ಬೇ?” ಎಂದು ಅವ್ವ ನನ್ನನ್ನು ನೋಡಿದಳು. ಪಾಪ, ಅವಳಿಗೆ ಖುಷಿಯೇ ಆಗಿತ್ತು.

ಒಂದು ವರ್ಷದಿಂದ ಯಾವುದಕ್ಕಾಗಿ ಉರಿಯುತ್ತಿದ್ದೆನೋ ಅದನ್ನು ವೈನಿ ನನ್ನ ಕೈಗೆ ಕೊಟ್ಟಿದ್ದಳು, ಶಿಕ್ಷೆಯಾಗಿ. ಬೇಡ ಎನ್ನುವ ದಾರಿಯೂ ಇತ್ತು: ಹೊಟ್ಟೆನೋವು, ಪಿತ್ತ, ತಲೆ ಸುತ್ತು. ಆ ಮೂರನ್ನೂ ಯೋಚಿಸಿದೆ. ನಾಳೆ ಬಾಯಿ ತೆರೆದರೆ ಅವ್ವನ ಕಣ್ಣಿನಿಂದ ಇಳಿಯುತ್ತೇನೆ. ತೆರೆಯದಿದ್ದರೆ ವೈನಿಯ ಕಣ್ಣಿಗೆ ಎಂದೂ ಏರುವುದಿಲ್ಲ.

ಬೆಳಿಗ್ಗೆ ನಮ್ಮ ಮನೆಯ ಸರದಿ ಹದಿನಾಲ್ಕನೆಯದು. ಪಾಸ್ಟರ್ ಕರೆದಾಗ ಎದ್ದು ಹೋದೆ. ಗೋದಲಿಯ ಮುಂದೆ ಒಂದು ಕೊಡದ ಕಿವಿ, ಒಂದು ಹುಣಸೆಬೀಜ, ಯಾರದೋ ಕೂಸಿನ ಕಾಲ್ಚೀಲ ಇದ್ದವು. ಬರೆದು ಬಾಯಿಪಾಠ ಮಾಡಿಕೊಂಡು ಹೋದದ್ದೆಲ್ಲ ಮರೆತುಹೋಯಿತು.

“ಈ ವರ್ಷ ನಮ್ಮ ಮನಿಯಿಂದ ಕೈಯಾಗ ಹಿಡಿಯೂವಂಥಾದ್ದು ಏನೂ ತಂದಿಲ್ರಿ,” ಎಂದೆ. “ನಮ್ಮ ವೈನಿ ಮಗ್ಗದಾಗಿನ ಎಳಿ ಕೀಳೂವಾಗ ನಾ ಬಾಗಲದಾಗ ನಿಂತಿದ್ದೆ. ಬೇಕಂತನ ಬ್ಯಾಡ ಅನ್ನಲಿಲ್ಲ. ನಂಗ ಅವರನ್ನ ಕಂಡ್ರ ಹೊಟ್ಟಿಕಿಚ್ಚು. ಅವರು, ತಪ್ಪಿದ್ರ ನಾ ಹೇಳತಿದ್ದೆ ಅಂತ ನಂಬಿ ಪೂರಾ ಕಿತ್ರು. ಅವರು ನನ್ನ ನಂಬಿದ್ದು, ಅದೊಂದ ನಾ ಈ ವರ್ಷ ಕಂಡದ್ರಿ.”

ಯಾರೂ ಅಳಲಿಲ್ಲ. ಕೆಮ್ಮಿದರು. ನೇಕಾರರೇ ಹೆಚ್ಚಿದ್ದ ಆ ಮಂದಿಗೆ ಎಳೆ ಕಿತ್ತ ಮಗ್ಗ ಎಂದರೆ ಏನೆಂದು ಗೊತ್ತಿತ್ತು. ಇಬ್ಬರು ಮೂವರು ಬಾಯಿಗೆ ಸೆರಗು ಹಿಡಿದರು. ಮುಂದಿನ ಸಾಲಿನ ಒಂದು ಸಣ್ಣ ಹುಡುಗಿ, “ಅವ್ವಾ, ಅಕಿ ಏನೂ ಇಡಲೇ ಇಲ್ಲ ನೋಡು!” ಎಂದು ಜೋರಾಗಿ ದೂರು ಹೇಳಿದಳು. ತಿರುಗಿ ಬಂದೆ. ವೈನಿ ಸರಿದು ಜಾಗ ಕೊಟ್ಟಳು. ಅಷ್ಟು ಜಾಗ ನನಗೆ ಬೇಕಿರಲಿಲ್ಲ.

ಆಟೋದಲ್ಲಿ ಅವ್ವ ನಮ್ಮಿಬ್ಬರ ನಡುವೆ ಕೂತಳು. ಮನೆಗೆ ಬಂದೆವು. ಗಂಗವ್ವ ಶೇಂಗಾ ಹೋಳಿಗೆ ಕಳಿಸಿದ್ದಳು. ಅವ್ವ ಮೊದಲು ವೈನಿಗೆ ಬಡಿಸಿ, ಅವಳ ತಲೆಯ ಮೇಲೆ ಕೈಯಿಟ್ಟು, “ಅವತ್ತ ನಿಮ್ಮಪ್ಪನ ಹೆಸರ ತಗೀಬಾರದಿತ್ತು ನಾ,” ಎಂದಳು. ಆಮೇಲೆ ನನ್ನ ತಾಟಿಗೆ ಎರಡು ಹೋಳಿಗೆ ಹಾಕಿದಳು.

“ತಿನ್ನು. ಆಮ್ಯಾಲೆ ಬೈತೀನಿ.”

ಮಾತಿನಂತೆ ಬೈದಳು, ನಾಲ್ಕು ಗಂಟೆಯಿಂದ ನಾಲ್ಕೂ ಇಪ್ಪತ್ತೈದರವರೆಗೆ. ನನ್ನ ಹೆಸರನ್ನು ಎಷ್ಟು ಸಲ ತೆಗೆದಳು ಎಂದು ಎಣಿಸಬಹುದಿತ್ತು. ಎಣಿಸಲು ಆಗಲಿಲ್ಲ, ಕೇಳುತ್ತ ಕೂತಿದ್ದೆ.

ಇಪ್ಪತ್ತೇಳನೆಯ ತಾರೀಖು ಅಂಗಡಿಯಿಂದ ಬಂದಾಗ ವೈನಿ ಹೊಸ ಹಾಸಿನ ಮೇಲೆ ನಾಲ್ಕು ಬೆರಳು ಅಗಲ ನೇಯ್ದಿದ್ದಳು. ನನ್ನ ನೆರಳು ಬಿದ್ದದ್ದೇ ಕೈ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ.

“ಬರೋಬ್ಬರಿ ಐತೇನ್ರಿ?” ಎಂದಳು.

ಬಗ್ಗಿ ನೋಡಿದೆ. “ಇಲ್ರಿ. ಬಲಕ್ಕ ಒಂದ ಎಳಿ ಸಡ್ಲ ಐತಿ. ಇಲ್ಲೆ ಹೊಡತ ಜಾಸ್ತಿ ಬಿದ್ದೈತಿ. ಅಂಚು ಎಳದೀರಿ. ಮತ್ತ ಕಾಲ ಹಂಗ ಒತ್ತಬ್ಯಾಡ್ರಿ, ಮತ್ತ...”

“ಯಪ್ಪಾ!” ಎಂದಳು ವೈನಿ. “ಸುನಂದಕ್ಕಾ, ಇದರಕಿಂತ ನೀವು ಸುಮ್ನಿದ್ದದ್ದ ಛಲೋ ಇತ್ತು ನೋಡ್ರಿ.”

ಒಳಗೆ ಅವ್ವ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ನಾನು ಇಪ್ಪತ್ನಾಲ್ಕು ವರ್ಷದಲ್ಲಿ ಒಂದು ಸಲವೂ ಅವಳನ್ನು ಹಾಗೆ ನಗಿಸಿಲ್ಲ. ಹೊಟ್ಟೆ ಮತ್ತೆ ಉರಿಯಿತು. ಉರಿಯುತ್ತಿರುವಂತೆಯೇ ಹೋಗಿ ವೈನಿಯ ಪಕ್ಕ ಕೂತು, ಆ ಸಡಿಲ ಎಳೆಯನ್ನು ಬಿಗಿ ಮಾಡಿಕೊಟ್ಟೆ.